ಊರು ಬಿಟ್ಟವರ ಹಿಂದೆ ಬಾರದ ಟಿವಿ ಕೇಂದ್ರ

ಅಮೆರಿಕದಲ್ಲಿ ಬಫಲೋದಿಂದ ಫೀನಿಕ್ಸ್‌ಗೆ ಮನೆ ಬದಲಾಯಿಸುವವರು ತಮ್ಮ ಫೋನ್ ನಂಬರನ್ನೂ ಬ್ಯಾಂಕ್ ಖಾತೆಯನ್ನೂ ಹಾಗೆಯೇ ಉಳಿಸಿಕೊಳ್ಳಬಹುದು, ಬಫಲೋದ ಪತ್ರಿಕೆಯನ್ನು ಮೊದಲಿನಂತೆಯೇ ಓದಬಹುದು, ಅಲ್ಲಿನ ರೇಡಿಯೋ ಕೇಂದ್ರಗಳನ್ನು ಮೊಬೈಲಿನಲ್ಲಿ ಕೇಳಬಹುದು. ಆದರೆ ವರ್ಷಗಟ್ಟಲೆ ನೋಡಿ ರೂಢಿಯಾದ ಡಬ್ಲ್ಯೂಐವಿಬಿ ಎಂಬ ಟಿವಿ ಕೇಂದ್ರವನ್ನು, ಅದು ಬೆಳಗಿನಿಂದ ರಾತ್ರಿಯವರೆಗೆ ಪ್ರಸಾರ ಮಾಡುವ ಕ್ರಮದಲ್ಲಿಯೇ ನೋಡಬೇಕೆಂದರೆ, ದುಡ್ಡು ಕೊಡಲು ಸಿದ್ಧರಿದ್ದರೂ ಅದನ್ನು ಮಾರುವವರು ಯಾರೂ ಸಿಗುವುದಿಲ್ಲ. ಇಂಟರ್ನೆಟ್ ಮನೆಮನೆಗೆ ಬಂದು ಇಷ್ಟು ಕಾಲವಾದ ಮೇಲೂ ಹೀಗೇಕೆ ಎಂದು ಇಲ್ಲಿ ನೆಲೆಸಿರುವ ಗೆಳೆಯರು ಆಗಾಗ ಕೇಳುತ್ತಾರೆ. ಕಾನೂನು ಬಿಡುವುದಿಲ್ಲ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಒಂದು ಕೇಂದ್ರ ತನ್ನ ಪ್ರಸಾರವನ್ನು ದೇಶಕ್ಕೆಲ್ಲ ತಲುಪಿಸಬಾರದು ಎಂದು ನೇರವಾಗಿ ನಿಷೇಧಿಸುವ ಕಾನೂನು ಇಲ್ಲಿಲ್ಲ. ಇರುವುದು ಒಪ್ಪಂದಗಳ ಒಂದು ದೊಡ್ಡ ಬಲೆ ಮತ್ತು ಆ ಬಲೆಯ ಗಂಟುಗಳು ಸಡಿಲವಾಗದಂತೆ ಕಾಲಕಾಲಕ್ಕೆ ಬಿಗಿಗೊಳಿಸುತ್ತ ಬಂದ ಕಾನೂನುಗಳು.

ಈ ದೇಶವನ್ನು, ಟಿವಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಸಂಸ್ಥೆ 210 ಟಿವಿ ಮಾರುಕಟ್ಟೆಗಳಾಗಿ ಹಂಚಿದೆ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಎಂಬ ನಾಲ್ಕು ದೊಡ್ಡ ನೆಟ್‌ವರ್ಕ್‌ಗಳಿಗೆ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಕೆಲವು ದೊಡ್ಡ ನಗರಗಳಲ್ಲಿ ಸ್ವಂತ ಕೇಂದ್ರಗಳಿದ್ದರೂ, ಉಳಿದ ಬಹುಪಾಲು ಮಾರುಕಟ್ಟೆಗಳಲ್ಲಿ ಅವುಗಳ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವುದು ಬೇರೆ ಮಾಲೀಕರ ಕೈಯಲ್ಲಿರುವ ಅಫಿಲಿಯೇಟ್ ಕೇಂದ್ರಗಳು. ನೆಕ್ಸ್‌ಸ್ಟಾರ್, ಸಿಂಕ್ಲೇರ್, ಗ್ರೇಯಂಥ ಕಂಪನಿಗಳು ಇಂಥ ಕೇಂದ್ರಗಳನ್ನು ಹತ್ತಾರು ಲೆಕ್ಕದಲ್ಲಿ ಇಟ್ಟುಕೊಂಡಿವೆ. ನೆಟ್‌ವರ್ಕ್ ಈ ಕೇಂದ್ರಗಳಿಗೆ ಕೊಡುವುದು ಕಾರ್ಯಕ್ರಮವನ್ನು ಮಾತ್ರವಲ್ಲ, ಆ ಮಾರುಕಟ್ಟೆಯಲ್ಲಿ ಈ ಕಾರ್ಯಕ್ರಮ ನಿಮ್ಮ ಬಳಿ ಬಿಟ್ಟರೆ ಇನ್ನೊಂದು ಕೇಂದ್ರದ ಬಳಿ ಇರುವುದಿಲ್ಲ ಎಂಬ ಭರವಸೆಯನ್ನೂ ಕೊಡುತ್ತದೆ. ಕೇಂದ್ರದ ಮಾಲೀಕರು ಹಣ ತೆರುವುದು ಬಹುಮಟ್ಟಿಗೆ ಆ ಭರವಸೆಗೆ. ಬಫಲೋದ ಸಿಬಿಎಸ್ ಕೇಂದ್ರವಾದ ಡಬ್ಲ್ಯೂಐವಿಬಿ ಫೀನಿಕ್ಸ್‌ನಲ್ಲೂ ಸಿಗುವಂತಾದರೆ ಫೀನಿಕ್ಸ್‌ನ ಸಿಬಿಎಸ್ ಕೇಂದ್ರವಾದ ಕೆಪಿಎಚ್‌ಒ ಕೊಂಡುಕೊಂಡದ್ದರ ಬೆಲೆ ಆ ಮಟ್ಟಿಗೆ ಇಳಿಯುತ್ತದೆ. ಹಾಗಾಗಿ ಅಫಿಲಿಯೇಟ್ ಒಪ್ಪಂದಗಳು ಕೇಂದ್ರಕ್ಕೆ ತನ್ನ ಎಲ್ಲೆಯನ್ನು ಗೊತ್ತುಮಾಡಿ ಹೇಳುತ್ತವೆ. ತನ್ನ ಮಾರುಕಟ್ಟೆಯಾಚೆಯ ಕೇಬಲ್ ಕಂಪನಿಗೆ ಮರುಪ್ರಸಾರದ ಒಪ್ಪಿಗೆ ಕೊಡಲು ಕೇಂದ್ರಕ್ಕೆ ಮನಸ್ಸಿದ್ದರೂ ನೆಟ್‌ವರ್ಕಿನ ಕರಾರು ಸಾಮಾನ್ಯವಾಗಿ ಅದಕ್ಕೆ ಅವಕಾಶ ಕೊಡುವುದಿಲ್ಲ.

ನೆಟ್‌ವರ್ಕ್ ಒಪ್ಪಿತೆಂದೇ ಇಟ್ಟುಕೊಳ್ಳೋಣ. ಆಗಲೂ ದಿನದ ಉಳಿದ ಗಂಟೆಗಳ ತಕರಾರು ಬಾಕಿ ಇರುತ್ತದೆ. ಸಂಜೆಯ ಹೊತ್ತಿಗೆ ಬರುವ ಜಿಯೊಪರ್ಡಿ, ವೀಲ್ ಆಫ್ ಫಾರ್ಚೂನ್‌ನಂಥ ಕ್ವಿಜ್ ಕಾರ್ಯಕ್ರಮಗಳು ಯಾವ ನೆಟ್‌ವರ್ಕಿಗೂ ಸೇರಿದವಲ್ಲ. ಅವನ್ನು ಸಿಂಡಿಕೇಶನ್ ಎಂಬ ಪದ್ಧತಿಯಲ್ಲಿ ಒಂದೊಂದು ಮಾರುಕಟ್ಟೆಗೆ ಒಂದೊಂದು ಕೇಂದ್ರದಂತೆ ಪ್ರತ್ಯೇಕವಾಗಿ ಮಾರಲಾಗುತ್ತದೆ. ಬಫಲೋದಲ್ಲಿ ಅದನ್ನು ಕೊಂಡ ಕೇಂದ್ರಕ್ಕೆ ಬಫಲೋದ ಹಕ್ಕು ಮಾತ್ರ ಇರುತ್ತದೆ. ರೇಡಿಯೋ ಈ ತೊಡಕಿನಿಂದ ಪಾರಾದದ್ದು ಹೇಗೆಂದರೆ, ಅದು ಹೆಚ್ಚಾಗಿ ನುಡಿಸುವುದು ಸಂಗೀತವನ್ನು, ಮತ್ತು ಸಂಗೀತಕ್ಕೆ ಇಷ್ಟು ಶುಲ್ಕ ಕಟ್ಟಿ ಇಂಟರ್ನೆಟ್ಟಿನಲ್ಲಿ ಹರಿಸಬಹುದು ಎಂಬ ಸಿದ್ಧ ಪರವಾನಗಿಗಳಿವೆ. ಪ್ರತಿಯೊಬ್ಬ ಹಾಡುಗಾರರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಟಿವಿ ಕೇಂದ್ರದ ಇಡೀ ದಿನದ ಪ್ರಸಾರವನ್ನು ಇಂಟರ್ನೆಟ್ಟಿನಲ್ಲಿ ದೇಶಕ್ಕೆಲ್ಲ ಒಯ್ಯಲು ಅಂಥ ಪರವಾನಗಿ ಯಾವುದೂ ಇಲ್ಲ. (ರೇಡಿಯೋದಲ್ಲಿಯೂ ಫುಟ್ಬಾಲ್ ಪಂದ್ಯದ ವೀಕ್ಷಕ ವಿವರಣೆ ಬರುವ ಹೊತ್ತಿಗೆ ಸ್ಟ್ರೀಮ್ ನಿಂತುಹೋಗುವುದುಂಟು. ಕ್ರೀಡೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.)

ಇತಿಹಾಸ ನೋಡಿದರೆ, ದೂರದ ಕೇಂದ್ರವನ್ನು ತಂದುಕೊಡುವುದೇ ಕೇಬಲ್ ಟಿವಿಯ ಹುಟ್ಟಿನ ಕಾರಣವಾಗಿತ್ತು. 1948ರ ಸುಮಾರಿಗೆ ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಮಹನೊಯ್ ಸಿಟಿಯಲ್ಲಿ, ಆರೆಗಾನ್‌ನ ಆಸ್ಟೋರಿಯಾದಲ್ಲಿ, ಎತ್ತರದ ಜಾಗದಲ್ಲೊಂದು ಆಂಟೆನಾ ನಿಲ್ಲಿಸಿ ಅಲ್ಲಿಂದ ಮನೆಗಳಿಗೆ ತಂತಿ ಎಳೆದವರು ಮಾಡಿದ್ದು ಅದನ್ನೇ. ಹೀಗೆ ಎಳೆದು ತರುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಒಮ್ಮೆ, 1974ರಲ್ಲಿ ಇನ್ನೊಮ್ಮೆ ಹೇಳಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸುಮ್ಮನಿರಲಿಲ್ಲ. 1976ರ ಹಕ್ಕುಸ್ವಾಮ್ಯ ಕಾಯ್ದೆ ಆ ತೀರ್ಪುಗಳನ್ನು ಮಗುಚಿಹಾಕಿ, ಕೇಬಲ್ ಕಂಪನಿಗಳು ಕಾನೂನು ನಿಗದಿಪಡಿಸಿದ ರಾಯಧನ ಕಟ್ಟಿದರೆ ಯಾರ ಅನುಮತಿಯನ್ನೂ ಕೇಳದೆ ದೂರದ ಕೇಂದ್ರವನ್ನು ತೋರಿಸಬಹುದು ಎಂಬ ಏರ್ಪಾಟು ಮಾಡಿತು. ಅದೇ ವರ್ಷದ ಡಿಸೆಂಬರ್ 17ರಂದು ಟೆಡ್ ಟರ್ನರ್ ತನ್ನ ಅಟ್ಲಾಂಟಾದ ಪುಟ್ಟ ಕೇಂದ್ರದ ಸಿಗ್ನಲನ್ನು ಉಪಗ್ರಹಕ್ಕೆ ಏರಿಸಿದರು. ಶಿಕಾಗೋದ ಡಬ್ಲ್ಯೂಜಿಎನ್, ನ್ಯೂಯಾರ್ಕಿನ ಡಬ್ಲ್ಯೂಒಆರ್ ಅದೇ ಹಾದಿ ಹಿಡಿದವು. ಸೂಪರ್‌ಸ್ಟೇಷನ್ ಎಂದು ಕರೆಸಿಕೊಂಡ ಈ ಕೇಂದ್ರಗಳ ದೆಸೆಯಿಂದ ಅಟ್ಲಾಂಟಾದ, ಶಿಕಾಗೋದ ಬೇಸ್‌ಬಾಲ್ ತಂಡಗಳಿಗೆ ದೇಶದ ಮೂಲೆಮೂಲೆಯಲ್ಲಿ ಅಭಿಮಾನಿಗಳು ಹುಟ್ಟಿಕೊಂಡರು.

ಎಲ್ಲಿಂದಲಾದರೂ ಯಾವುದೋ ಊರಿನ ಕೇಂದ್ರ ನೋಡುವುದು ಸಾಧ್ಯವಾಗಿತ್ತು ಎಂಬುದಕ್ಕೆ ಆ ಕಾಲವೇ ಸಾಕ್ಷಿ. ಆದರೆ ಬಾಗಿಲು ಬೇಗನೆ ಕಿರಿದಾಗತೊಡಗಿತು. 1983ರಲ್ಲಿ ಹೊಸದಾಗಿ ಸೇರಿಸುವ ಪ್ರತಿಯೊಂದು ದೂರದ ಸಿಗ್ನಲಿಗೆ ಕೇಬಲ್ ಕಂಪನಿಯ ಒಟ್ಟು ವರಮಾನದ ಶೇ. 3.75ರ ದರ ಜಾರಿಗೆ ಬಂದಿತು. ಅನೇಕ ಕೇಬಲ್ ಕಂಪನಿಗಳು ದೂರದ ಕೇಂದ್ರಗಳನ್ನು ಕೈಬಿಟ್ಟವು. 1990ರ ಆರಂಭದಿಂದ ಸಿಂಡಿಕೇಟೆಡ್ ಕಾರ್ಯಕ್ರಮಗಳ ಮೇಲೆ ಸ್ಥಳೀಯ ಕೇಂದ್ರಕ್ಕಿರುವ ಏಕಮಾತ್ರ ಹಕ್ಕನ್ನು ಕಾಪಾಡುವ ನಿಯಮ ಮರಳಿ ಬಂದಾಗ, ಹೊರಗಿನ ಕೇಂದ್ರದಲ್ಲಿ ಅದೇ ಕಾರ್ಯಕ್ರಮ ಬರುವ ಹೊತ್ತಿಗೆ ಕೇಬಲ್ ಕಂಪನಿ ಪರದೆಯನ್ನು ಮುಚ್ಚಬೇಕಾಯಿತು. 1998ರಲ್ಲಿ, ಟರ್ನರ್ ಉಪಗ್ರಹಕ್ಕೆ ಏರಿಸಿದ್ದ ಟಿಬಿಎಸ್ ಸೂಪರ್‌ಸ್ಟೇಷನ್ ವೇಷ ಕಳಚಿ ಮಾಮೂಲಿ ಕೇಬಲ್ ಚಾನೆಲ್ ಆಯಿತು.

ಉಪಗ್ರಹದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ವೀಕ್ಷಕರ ಇಷ್ಟಕ್ಕೆ ಈ ವ್ಯವಸ್ಥೆಯಲ್ಲಿ ಎಷ್ಟು ಬೆಲೆ ಇದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಮನೆಯಂಗಳದ ಡಿಶ್‌ಗೆ ದೂರದ ನೆಟ್‌ವರ್ಕ್ ಕೇಂದ್ರವನ್ನು ಇಳಿಸಿಕೊಳ್ಳಲು 1988ರ ಕಾಯ್ದೆ ಅವಕಾಶ ಕೊಟ್ಟಿತು, ಆದರೆ ಛಾವಣಿಯ ಮೇಲಿನ ಆಂಟೆನಾಕ್ಕೆ ಸ್ಥಳೀಯ ಕೇಂದ್ರದ ಸಿಗ್ನಲ್ ನಿಗದಿತ ಪ್ರಮಾಣದಲ್ಲಿ ಸಿಗದ ಮನೆಗಳಿಗೆ ಮಾತ್ರ. ಪ್ರೈಮ್‌ಟೈಮ್ 24 ಎಂಬ ಕಂಪನಿ ಆ ಪ್ರಮಾಣವನ್ನು ಅಳೆಯುವ ಗೋಜಿಗೆ ಹೋಗದೆ, ನಿಮ್ಮ ಟಿವಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಯೇ ಎಂದು ಗ್ರಾಹಕರನ್ನೇ ಕೇಳಿ ಚಂದಾ ಕೊಟ್ಟಿತು. ಮಯಾಮಿಯ ಫೆಡರಲ್ ನ್ಯಾಯಾಲಯ 1998ರಲ್ಲಿ ಅದು ಸಲ್ಲದೆಂದಿತು. ಚಿತ್ರ ಹೇಗಿದೆ ಎಂಬ ಗ್ರಾಹಕರ ಮಾತಿಗೆ ಕಾನೂನಿನಲ್ಲಿ ಜಾಗವಿರಲಿಲ್ಲ, ಸಿಗ್ನಲಿನ ಬಲಕ್ಕೆ ಮಾತ್ರ ಇತ್ತು. ಗದ್ದಲವೆದ್ದಾಗ ಕಾಂಗ್ರೆಸ್ 1999ರಲ್ಲಿ ತಿದ್ದುಪಡಿ ತಂದು, ಉಪಗ್ರಹ ಕಂಪನಿಗಳು ಆಯಾ ಊರಿನ ಕೇಂದ್ರಗಳನ್ನು ಆಯಾ ಊರಿನವರಿಗೆ ಕೊಡಬಹುದು ಎಂದಿತು. ದೂರದ ಕೇಂದ್ರ ಬೇಕೆಂದವರು ಉಪಗ್ರಹ ಕಂಪನಿಯ ಮೂಲಕ ಸ್ಥಳೀಯ ಕೇಂದ್ರಕ್ಕೇ ಒಂದು ವಿನಾಯಿತಿ ಅರ್ಜಿ ಸಲ್ಲಿಸಬೇಕಾಗಿತ್ತು. ಅದು 30 ದಿನಗಳೊಳಗೆ ಉತ್ತರಿಸದಿದ್ದರೆ ಒಪ್ಪಿಗೆ ಸಿಕ್ಕಿದಂತೆ. ನಿಮ್ಮನ್ನು ಬಿಟ್ಟು ನಿಮ್ಮ ಪ್ರತಿಸ್ಪರ್ಧಿಯನ್ನು ನೋಡಲು ದಯವಿಟ್ಟು ಅನುಮತಿ ಕೊಡಿ ಎಂದು ಅಂಗಡಿಯವನನ್ನೇ ಬೇಡುವ ಈ ಪದ್ಧತಿಯನ್ನು ರೂಪಿಸಿದವರಿಗೆ ನಗು ಬರಲಿಲ್ಲವೇ ಎಂದು ನನಗೆ ಅನ್ನಿಸಿದ್ದುಂಟು.

ಮುಂದೆ 2006ರಲ್ಲಿ, ಅನರ್ಹ ಮನೆಗಳಿಗೂ ದೂರದ ಕೇಂದ್ರಗಳನ್ನು ಕೊಟ್ಟ ಕಾರಣಕ್ಕೆ ನ್ಯಾಯಾಲಯದ ಆಜ್ಞೆಯಂತೆ ಡಿಶ್ ನೆಟ್‌ವರ್ಕ್ ಎಂಬ ಉಪಗ್ರಹ ಟಿವಿ ಕಂಪನಿ ಆ ಸೇವೆಯನ್ನೇ ನಿಲ್ಲಿಸಬೇಕಾಯಿತು, ಲಕ್ಷಗಟ್ಟಲೆ ಮನೆಗಳಲ್ಲಿ ಆ ಚಾನೆಲ್‌ಗಳು ಮಾಯವಾದವು. 210 ಮಾರುಕಟ್ಟೆಗಳಲ್ಲೂ ಸ್ಥಳೀಯ ಕೇಂದ್ರಗಳನ್ನು ಕೊಡುತ್ತೇನೆಂದು ಒಪ್ಪಿಕೊಂಡ ಮೇಲೆ, 2010ರ ಕಾಯ್ದೆಯಡಿ ಅದಕ್ಕೆ ಆ ಹಕ್ಕು ಮರಳಿತು. ಕೊನೆಗೆ 2019ರ ಕಾಯ್ದೆ ಈ ಸವಲತ್ತನ್ನು ಶಾಶ್ವತಗೊಳಿಸುತ್ತಲೇ ಬಹಳ ಕಿರಿದುಗೊಳಿಸಿತು. ನಾಲ್ಕು ನೆಟ್‌ವರ್ಕ್‌ಗಳಲ್ಲಿ ಯಾವುದಾದರೊಂದರ ಕೇಂದ್ರವೇ ಇಲ್ಲದ ಸಣ್ಣ ಮಾರುಕಟ್ಟೆಗಳು, ಮನೆಯನ್ನೇ ವಾಹನವಾಗಿಸಿಕೊಂಡು ತಿರುಗುವ ಆರ್‌ವಿ ಮಾಲೀಕರು, ದೂರ ಪ್ರಯಾಣದ ಟ್ರಕ್ ಚಾಲಕರು, ಇವರಿಗಷ್ಟೇ ಅದು ಉಳಿದಿದೆ. ಎಲ್ಲಿದ್ದರೂ ದೂರದ ಕೇಂದ್ರ ನೋಡುವ ಹಕ್ಕು ಬೇಕೆಂದರೆ ಒಂದು ಊರಿನಲ್ಲಿ ನೆಲೆ ನಿಲ್ಲದೆ ಇರಬೇಕು ಎಂದಾಯಿತು.

ಮಾರುಕಟ್ಟೆಯ ಗೆರೆಗಳು ಜನರ ಬದುಕನ್ನು ನೋಡಿ ಎಳೆದವಲ್ಲ ಎಂಬುದಕ್ಕೆ ಕೊಲರಾಡೋ ರಾಜ್ಯದ ನೈಋತ್ಯ ಮೂಲೆಯ ಲಾ ಪ್ಲಾಟಾ ಕೌಂಟಿ ಒಳ್ಳೆಯ ಉದಾಹರಣೆ. ಡುರಾಂಗೋ ಪಟ್ಟಣವಿರುವ ಈ ಕೌಂಟಿ ನೀಲ್ಸನ್ ಲೆಕ್ಕದಲ್ಲಿ ಪಕ್ಕದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಮಾರುಕಟ್ಟೆಗೆ ಸೇರಿದೆ. ಮತ ಹಾಕುವುದು ಕೊಲರಾಡೋ ರಾಜ್ಯಪಾಲರಿಗೆ, ತೆರಿಗೆ ಕಟ್ಟುವುದು ಡೆನ್ವರ್‌ನಲ್ಲಿ ಕೂತ ಸರ್ಕಾರಕ್ಕೆ, ಆದರೆ ಉಪಗ್ರಹ ಟಿವಿ ಹಾಕಿದರೆ ಬರುತ್ತಿದ್ದುದು ನ್ಯೂ ಮೆಕ್ಸಿಕೋದ ಚುನಾವಣಾ ಜಾಹೀರಾತು ಮತ್ತು ಅಲ್ಲಿನ ಶಾಸಕಾಂಗದ ಸುದ್ದಿ. ಕೌಂಟಿಯ ಆಡಳಿತವೇ ಅರ್ಜಿ ಹಾಕಿ, 2014ರ ಕಾಯ್ದೆ ಕೊಟ್ಟ ಅವಕಾಶವನ್ನು ಬಳಸಿಕೊಂಡು ಫೆಡರಲ್ ಸಂವಹನ ಆಯೋಗದ ಮುಂದೆ ವಾದಿಸಿ, 2017ರಲ್ಲಿ ಡೆನ್ವರ್ ಕೇಂದ್ರಗಳಿಗೆ ದಾರಿ ಮಾಡಿಸಿಕೊಂಡಿತು. ಸ್ವಂತ ರಾಜ್ಯದ ಸುದ್ದಿ ನೋಡುವುದಕ್ಕೇ ಒಂದು ಸ್ಥಳೀಯ ಸರ್ಕಾರ ಇಷ್ಟು ಹೆಣಗಬೇಕಾದರೆ, ಒಂದು ಮನೆಯವರ ಆಸೆಯನ್ನು ಯಾರು ಕೇಳುತ್ತಾರೆ?

ಇಂಟರ್ನೆಟ್ ಬಂದ ಮೇಲೆ ಈ ಗೆರೆಗಳನ್ನು ದಾಟಲು ಯತ್ನಿಸಿದವರು ಒಬ್ಬಿಬ್ಬರಲ್ಲ. ಸಿಯಾಟಲ್‌ನ ಐವಿ ಎಂಬ ಕಂಪನಿ 2010ರಲ್ಲಿ, ನಾವೂ ಕೇಬಲ್ ಕಂಪನಿಯೇ, 1976ರ ರಾಯಧನದ ಏರ್ಪಾಟು ನಮಗೂ ಅನ್ವಯಿಸುತ್ತದೆ ಎಂದು ವಾದಿಸಿ ಬೇರೆ ಬೇರೆ ನಗರಗಳ ಕೇಂದ್ರಗಳನ್ನು ದೇಶಕ್ಕೆಲ್ಲ ಹರಿಸಿತು; ಇಂಟರ್ನೆಟ್ ಸೇವೆಗೆ ಆ ಸವಲತ್ತಿಲ್ಲ ಎಂದು 2012ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಹೆಚ್ಚು ಹೆಸರಾದದ್ದು ಚೇತ್ ಕನೋಜಿಯಾ ಕಟ್ಟಿದ ಏರಿಯೋ. ಅದರ ಯಂತ್ರಗಳಲ್ಲಿ ಹತ್ತು ಸೆಂಟಿನ ನಾಣ್ಯಕ್ಕಿಂತ ದೊಡ್ಡದಲ್ಲದ ಸಾವಿರಾರು ಆಂಟೆನಾಗಳು ಸಾಲುಸಾಲಾಗಿ ಜೋಡಣೆಗೊಂಡಿದ್ದವು. ಚಂದಾದಾರರು ಒಂದು ಕಾರ್ಯಕ್ರಮ ಆರಿಸಿದ ಕ್ಷಣದಲ್ಲಿ ಅವುಗಳಲ್ಲೊಂದು ಅವರಿಗಷ್ಟೇ ಮೀಸಲಾಗಿ ಆ ಕೇಂದ್ರಕ್ಕೆ ಟ್ಯೂನ್ ಆಗುತ್ತಿತ್ತು, ಸಿಕ್ಕ ಚಿತ್ರ ಅವರಿಗಷ್ಟೇ ಸೇರಿದ ಫೋಲ್ಡರಿನಲ್ಲಿ ದಾಖಲಾಗುತ್ತಿತ್ತು, ಅಲ್ಲಿಂದ ಅವರ ಪರದೆಗೆ ಹರಿಯುತ್ತಿತ್ತು. ಒಂದೇ ಕಾರ್ಯಕ್ರಮವನ್ನು ಸಾವಿರ ಮಂದಿ ನೋಡಿದರೆ ಸಾವಿರ ಆಂಟೆನಾ, ಸಾವಿರ ಪ್ರತಿ. ಎಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕಿಂತ ದಂಡದ ಕೆಲಸ ಇನ್ನೊಂದಿಲ್ಲ; ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಆಂಟೆನಾವನ್ನು ಬಾಡಿಗೆಗೆ ಪಡೆದಿದ್ದಾರೆ, ಇದು ಸಾರ್ವಜನಿಕ ಪ್ರದರ್ಶನವಲ್ಲ ಎಂದು ಹೇಳಿಕೊಳ್ಳುವುದಕ್ಕಾಗಿಯೇ ಈ ವೆಚ್ಚ. 2014ರ ಜೂನ್ 25ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಆ ವರ್ಷ ಮುಗಿಯುವುದರೊಳಗೆ ಏರಿಯೋ ದಿವಾಳಿ ಅರ್ಜಿ ಸಲ್ಲಿಸಿತ್ತು. 2018ರಲ್ಲಿ ಹುಟ್ಟಿದ ಲೋಕಾಸ್ಟ್, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಅದೇ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿರುವ ವಿನಾಯಿತಿಯನ್ನು ನೆಚ್ಚಿಕೊಂಡಿತ್ತು. ವೀಕ್ಷಕರಿಂದ ಬಂದ ದೇಣಿಗೆಯನ್ನು ಹೊಸ ಊರುಗಳಿಗೆ ಸೇವೆ ವಿಸ್ತರಿಸಲು ಬಳಸಿದ್ದೇ ಅದಕ್ಕೆ ಮುಳುವಾಗಿ, 2021ರ ಸೆಪ್ಟೆಂಬರಿನಲ್ಲಿ ಅದು ಬಾಗಿಲು ಹಾಕಿತು.

ಏರಿಯೋ ಮತ್ತು ಲೋಕಾಸ್ಟ್ ಎರಡೂ ಆಯಾ ಊರಿನ ಕೇಂದ್ರವನ್ನು ಆಯಾ ಊರಿನಲ್ಲಿದ್ದವರಿಗೇ ಕೊಡುತ್ತಿದ್ದವು ಎಂಬುದನ್ನು ಗಮನಿಸಬೇಕು. ಆಂಟೆನಾ ಹಾಕಿದರೆ ಪುಕ್ಕಟೆ ಸಿಗುವುದನ್ನು ಅದೇ ಊರಿನವರಿಗೆ ತಂತಿಯ ಮೂಲಕ ಮುಟ್ಟಿಸಿದ್ದಕ್ಕೇ ಈ ಗತಿಯಾದರೆ, ಊರಾಚೆಗೆ ಒಯ್ಯುವ ಮಾತನ್ನು ಆಡುವ ಧೈರ್ಯ ಯಾವ ಹೂಡಿಕೆದಾರನಿಗೆ ಬಂದೀತು? ಅದೇ ಸಮಯದಲ್ಲಿ, ಬಫಲೋದಲ್ಲಿರುವ ಅಣ್ಣನ ಮನೆಯ ಛಾವಣಿಯ ಮೇಲೆ ಆಂಟೆನಾ ಇಟ್ಟು, ಅದನ್ನೊಂದು ಪೆಟ್ಟಿಗೆಗೆ ಜೋಡಿಸಿ, ಫೀನಿಕ್ಸ್‌ನಲ್ಲಿರುವ ತಮ್ಮ ತನ್ನ ಫೋನಿನಲ್ಲಿ ನೋಡಿದರೆ ಅವನ ಬಾಗಿಲಿಗೆ ಯಾವ ವಕೀಲರೂ ಬಂದು ನಿಲ್ಲುವುದಿಲ್ಲ. 2005ರಿಂದ ಸ್ಲಿಂಗ್‌ಬಾಕ್ಸ್ ಎಂಬ ಪೆಟ್ಟಿಗೆ ಮಾರಾಟವಾಗಿದ್ದು ಇಂಥ ಬಳಕೆಗೇ. 2022ರ ನವೆಂಬರಿನಲ್ಲಿ ಕಂಪನಿ ಅದರ ಸರ್ವರ್‌ಗಳನ್ನು ನಿಲ್ಲಿಸಿತು. ತಂತ್ರಜ್ಞಾನ ಇನ್ನೂ ಬೆಳೆದಿಲ್ಲ ಎಂಬ ಮಾತನ್ನು ಯಾರಾದರೂ ಹೇಳಿದರೆ ನಾನು ಈ ಪೆಟ್ಟಿಗೆಯನ್ನೇ ತೋರಿಸುತ್ತೇನೆ.

ಇದೆಲ್ಲದರ ಅಡಿಯಲ್ಲಿ ಹಣದ ಎರಡು ದೊಡ್ಡ ಹೊಳೆಗಳು ಹರಿಯುತ್ತಿವೆ. ಮೊದಲನೆಯದು, 1992ರ ಕೇಬಲ್ ಕಾಯ್ದೆಯಿಂದ ಹುಟ್ಟಿದ ಮರುಪ್ರಸಾರ ಒಪ್ಪಿಗೆಯ ಶುಲ್ಕ. ಪ್ರತಿ ಮೂರು ವರ್ಷಕ್ಕೊಮ್ಮೆ ಪ್ರತಿಯೊಂದು ಕೇಂದ್ರವೂ, ನನ್ನನ್ನು ಪುಕ್ಕಟೆಯಾಗಿ ತೋರಿಸಲೇಬೇಕು ಎಂದು ಹಟ ಹಿಡಿಯಬಹುದು, ಇಲ್ಲವೇ ತೋರಿಸಬೇಕಾದರೆ ಹಣ ಕೊಡು ಎಂದು ಚೌಕಾಸಿಗೆ ಕೂರಬಹುದು. ಎರಡನೆಯ ದಾರಿಯಿಂದ ಕೇಂದ್ರಗಳಿಗೆ ಈಗ ವರ್ಷಕ್ಕೆ ಸಾವಿರ ಕೋಟಿ ಡಾಲರಿಗೂ ಹೆಚ್ಚು ಬರುತ್ತದೆ, ಅದರಲ್ಲೊಂದು ದೊಡ್ಡ ಪಾಲು ನೆಟ್‌ವರ್ಕ್‌ಗಳ ಜೇಬಿಗೆ ಹೋಗುತ್ತದೆ. ಚೌಕಾಸಿ ಮುರಿದುಬಿದ್ದರೆ ಕೇಂದ್ರ ಆ ಊರಿನ ಕೇಬಲ್ಲಿನಿಂದ ಕಾಣೆಯಾಗುತ್ತದೆ, ಸಾಮಾನ್ಯವಾಗಿ ದೊಡ್ಡ ಪಂದ್ಯದ ಹಿಂದುಮುಂದಿನ ದಿನಗಳಲ್ಲಿ, ಮತ್ತು ಗ್ರಾಹಕರ ಬೈಗುಳ ಕೇಬಲ್ ಕಂಪನಿಯ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ಕೇಬಲ್ ಕಂಪನಿ ಪಕ್ಕದ ಊರಿನ ಅದೇ ನೆಟ್‌ವರ್ಕಿನ ಕೇಂದ್ರವನ್ನು ತಂದು ತೋರಿಸುವಂತಿದ್ದರೆ ಚೌಕಾಸಿಯಲ್ಲಿ ಕೇಂದ್ರದ ಕೈ ಖಾಲಿಯಾಗುತ್ತದೆ. ಊರಾಚೆಯ ಕೇಂದ್ರ ಬಾರದಿರುವುದೇ ಈ ಶುಲ್ಕದ ಆಧಾರಸ್ತಂಭ.

ಎರಡನೆಯದು ಕ್ರೀಡೆ, ಅದರಲ್ಲೂ ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್ಬಾಲ್ ಲೀಗ್. ಭಾನುವಾರ ಮಧ್ಯಾಹ್ನದ ಪಂದ್ಯಗಳನ್ನು ಲೀಗ್ ಸಿಬಿಎಸ್‌ಗೂ ಫಾಕ್ಸ್‌ಗೂ ಮಾರುತ್ತದೆ. ಯಾವ ಊರಿಗೆ ಯಾವ ಪಂದ್ಯ ಎಂಬ ಹಂಚಿಕೆ ವಾರವಾರವೂ ಆಗುತ್ತದೆ. ಹಾಗಾಗಿ ಒಂದೇ ನಿಮಿಷದಲ್ಲಿ ಡಬ್ಲ್ಯೂಐವಿಬಿಯಲ್ಲಿ ಬಫಲೋ ಬಿಲ್ಸ್ ಆಡುತ್ತಿರುವಾಗ ಕೆಪಿಎಚ್‌ಒದಲ್ಲಿ ಬೇರೆ ಯಾವುದೋ ಪಂದ್ಯ ನಡೆಯುತ್ತಿರಬಹುದು. ಫೀನಿಕ್ಸ್‌ಗೆ ಬಂದ ಬಿಲ್ಸ್ ಅಭಿಮಾನಿಗೆ ಅಂಥ ಪಂದ್ಯ ಬೇಕೆಂದರೆ ಸಂಡೇ ಟಿಕೆಟ್ ಎಂಬ ಪ್ರತ್ಯೇಕ ಚಂದಾ ಕೊಳ್ಳಬೇಕು. 2023ರಿಂದ ಅದನ್ನು ಮಾರುವ ಹಕ್ಕು ಯೂಟ್ಯೂಬ್‌ನದು, ಬೆಲೆ ನೂರಾರು ಡಾಲರ್. ಡಬ್ಲ್ಯೂಐವಿಬಿಯನ್ನು ಎಲ್ಲಿಂದಲಾದರೂ ನೋಡುವಂತಾದರೆ ಮರುದಿನವೇ ಈ ಚಂದಾಕ್ಕೆ ಗಿರಾಕಿಗಳಿರುವುದಿಲ್ಲ. ಈ ಮಾರಾಟದ ರೀತಿ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಚಂದಾದಾರರು ಹೂಡಿದ ದಾವೆಯಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ 2024ರ ಜೂನಿನಲ್ಲಿ 470 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ಘೋಷಿಸಿತು, ಆಗಸ್ಟ್ ಒಂದರಂದು ಅದೇ ನ್ಯಾಯಾಲಯದ ನ್ಯಾಯಾಧೀಶರು ಅದನ್ನು ರದ್ದುಮಾಡಿದರು.

ಇಷ್ಟನ್ನೂ ಓದಿದ ಮೇಲೆ, ಸ್ಥಳೀಯ ಕೇಂದ್ರವನ್ನು ಕಟ್ಟಿಹಾಕಿರುವುದು ಅದರಲ್ಲಿರುವ ಸ್ಥಳೀಯವಾದದ್ದಲ್ಲ ಎಂಬುದು ಗೊತ್ತಾಗುತ್ತದೆ. ನೆಟ್‌ವರ್ಕಿನ ಧಾರಾವಾಹಿ, ಸಿಂಡಿಕೇಟೆಡ್ ಕ್ವಿಜ್, ಲೀಗಿನ ಪಂದ್ಯ, ಇವು ಯಾವುವೂ ಬಫಲೋದಲ್ಲಿ ಹುಟ್ಟಿದವಲ್ಲ. ಬಫಲೋದಲ್ಲೇ ತಯಾರಾಗುವ ಸುದ್ದಿಯ ವಿಷಯದಲ್ಲಿ ಗೋಡೆ ಆಗಲೇ ಬಹುಪಾಲು ಬಿದ್ದುಹೋಗಿದೆ. ತನ್ನ ವರದಿಗಾರರು ತಂದ ಸುದ್ದಿಗೆ ಕೇಂದ್ರವೇ ಒಡೆಯನಾದ್ದರಿಂದ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ನ್ಯೂಸ್‌ಆನ್‌ನಂಥ ಉಚಿತ ಆ್ಯಪ್‌ಗಳಲ್ಲಿ ದೇಶದ ನೂರಾರು ಕೇಂದ್ರಗಳ ಸುದ್ದಿಯನ್ನು ಯಾವ ಊರಿನಿಂದಲಾದರೂ ನೋಡಬಹುದು. ಚಂಡಮಾರುತ ಬಂದಾಗ, ಕಾಡ್ಗಿಚ್ಚು ಎದ್ದಾಗ, ದೂರದೂರಿನಲ್ಲಿರುವ ಮಕ್ಕಳು ಹೆತ್ತವರ ಊರಿನ ಹವಾಮಾನ ವರದಿಯನ್ನು ನೇರವಾಗಿ ನೋಡುವುದು ಈಗ ಮಾಮೂಲಿಯಾಗಿದೆ. ಪ್ರಸಾರ ಸಂಸ್ಥೆಗಳು ವಾಷಿಂಗ್ಟನ್ನಿನಲ್ಲಿ ಊರಿನ ಗೆರೆಗಳನ್ನು ಸಮರ್ಥಿಸಿಕೊಳ್ಳುವಾಗಲೆಲ್ಲ ಸ್ಥಳೀಯ ಪತ್ರಿಕೋದ್ಯಮದ ಉಳಿವನ್ನು ಮುಂದೊಡ್ಡುತ್ತವೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ, ಸುದ್ದಿಮನೆಯ ಸಂಬಳ ಹುಟ್ಟುವುದು ಧಾರಾವಾಹಿ ಮತ್ತು ಪಂದ್ಯಗಳಿಂದ ಬರುವ ಶುಲ್ಕದಿಂದಲೇ. ಆದರೆ ಆ ಕಾರ್ಯಕ್ರಮಗಳನ್ನು ನೆಟ್‌ವರ್ಕ್‌ಗಳು ತಮ್ಮದೇ ಸ್ಟ್ರೀಮಿಂಗ್ ಸೇವೆಗಳಲ್ಲಿ ದೇಶಕ್ಕೆಲ್ಲ ಮಾರಲು ತೊಡಗಿರುವಾಗ ಆ ವಾದ ಇನ್ನೆಷ್ಟು ದಿನ ನಿಂತೀತು ಎಂಬ ಅನುಮಾನ ನನಗಿದೆ.

ಮಯಾಮಿಯ ಡಬ್ಲ್ಯೂಪಿಎಲ್‌ಜಿ ಕೇಂದ್ರ 2025ರ ಆಗಸ್ಟ್ 4ರಂದು ಎಬಿಸಿಯೊಂದಿಗಿನ ದಶಕಗಳ ನಂಟನ್ನು ಕಡಿದುಕೊಂಡು ಸ್ವತಂತ್ರ ಕೇಂದ್ರವಾಯಿತು, ಖಾಲಿಯಾದ ಗಂಟೆಗಳಲ್ಲಿ ಹೆಚ್ಚಿನವನ್ನು ತನ್ನದೇ ಸುದ್ದಿಯಿಂದ ತುಂಬಿಕೊಂಡಿತು. ಈಗ ಅದರ ಪ್ರಸಾರದಲ್ಲಿ ಬೇರೆಯವರ ಅಪ್ಪಣೆ ಬೇಕಿಲ್ಲದ ಭಾಗ ಮೊದಲಿಗಿಂತ ಬಹಳ ದೊಡ್ಡದು. ಅಂಥ ಕೇಂದ್ರಗಳ ಸಂಖ್ಯೆ ಬೆಳೆದರೆ, ಮಯಾಮಿಯ ಕೇಂದ್ರವನ್ನು ಫೀನಿಕ್ಸ್‌ನಲ್ಲಿ ನೋಡಬೇಕೆಂಬ ಆಸೆ ಬಹುಮಟ್ಟಿಗೆ ಈಡೇರುವ ದಿನ ಬರಬಹುದು, ಸುದ್ದಿ ಮತ್ತು ಮಳೆಯ ಮುನ್ಸೂಚನೆಯ ಮಟ್ಟಿಗೆ; ಭಾನುವಾರದ ಪಂದ್ಯಕ್ಕಾಗಿ ಅದನ್ನು ಕೇಳುತ್ತಿದ್ದವರು ಮಾತ್ರ ಸಂಡೇ ಟಿಕೆಟ್ಟಿನ ಹಣವನ್ನು ಕಟ್ಟುತ್ತಲೇ ಇರಬೇಕಾಗುತ್ತದೆ.